ಡಿಜಿಟಲ್ ಕಲಿಕಾ ಆಟಗಳು: ಶಿಕ್ಷಕರೇ ರೂಪಿಸಲು ನೆರವು

ಪಾಠದ ಒಂದು ಗುರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಂಪ್ಯೂಟರ್, ಟ್ಯಾಬ್ ಇಲ್ಲವೇ ಮೊಬೈಲ್‌ನಲ್ಲಿ ಮಕ್ಕಳಿಗೆ ಆಡಿಸುವ ಆಟಕ್ಕೆ ಡಿಜಿಟಲ್ ಕಲಿಕಾ ಆಟ ಎನ್ನುತ್ತಾರೆ. ಅದನ್ನು ಕಂಪನಿಯೊಂದು ತಯಾರಿಸಿ ಶಾಲೆಗೆ ಕೊಡಬಹುದು. ತರಗತಿಯ ಶಿಕ್ಷಕಿಯೇ ರೂಪಿಸಲೂಬಹುದು. ಈ ಎರಡನೆಯ ದಾರಿಗೆ ಬೇಕಾದ ತರಬೇತಿ, ಸಾಧನ, ಬಿಡುವು ಮತ್ತು ಜೊತೆಗಾರಿಕೆ ಇಲ್ಲಿನ ವಿಷಯ. ಕರ್ನಾಟಕದ ಮಟ್ಟಿಗೆ ಇದರ ಮುಖ್ಯ ಎಳೆಗಳು ದಕ್ಷಿಣ ಬೆಂಗಳೂರಿನಲ್ಲಿ ಸೇರುತ್ತವೆ. ರಾಜ್ಯದ ಶಿಕ್ಷಕರ ತರಬೇತಿಯನ್ನು ನಿರ್ವಹಿಸುವ ಡಿ.ಎಸ್.ಇ.ಆರ್.ಟಿ. ಕಚೇರಿ ಇರುವುದು ಬನಶಂಕರಿ 3ನೇ ಹಂತದಲ್ಲಿ. ಶಿಕ್ಷಕರೇ ಡಿಜಿಟಲ್ ಸಾಮಗ್ರಿ ತಯಾರಿಸಬೇಕೆಂದು ದುಡಿದ ಐಟಿ ಫಾರ್ ಚೇಂಜ್ ಸಂಸ್ಥೆ ಇರುವುದು ಜಯನಗರ 4ನೇ ಟಿ ಬ್ಲಾಕಿನಲ್ಲಿ. ಅಲ್ಲಿಂದ ಇನ್ನಷ್ಟು ದಕ್ಷಿಣಕ್ಕೆ, ಜೆ.ಪಿ. ನಗರ 7ನೇ ಹಂತದ ಬಳಿ, ಕೆರೆಯ ಸುತ್ತ ಬೆಳೆದಿರುವ ಪುಟ್ಟೇನಹಳ್ಳಿ ಇದೆ. (ಯಲಹಂಕದ ಪಕ್ಷಿಧಾಮವಿರುವ ಪುಟ್ಟೇನಹಳ್ಳಿ ಬೇರೆ.) ಆಟ ರೂಪಿಸುವುದು ಹೇಗೆಂದು ತೋರಿಸಲು ಮುಂದೆ ಈ ಕೆರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಮಣೆಯ ಮೇಲಿನ ಆಟಗಳು

ಆಟದೊಳಗೆ ಲೆಕ್ಕ, ಯೋಜನೆ, ನೀತಿಯನ್ನು ಅಡಗಿಸಿಡುವುದು ಕನ್ನಡ ನಾಡಿಗೆ ಹೊಸದಲ್ಲ. ಅಳಗುಳಿ ಮಣೆ ಆಡುವ ಮಗು ಹುಣಸೆ ಬೀಜ ಎಣಿಸುತ್ತಲೇ ಎರಡು ನಡೆ ಮುಂದಿನದನ್ನು ಯೋಚಿಸುತ್ತದೆ. ಕರಾವಳಿಯಲ್ಲಿ ಇದೇ ಚೆನ್ನೆಮಣೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟ ಮತ್ತು ಚದುರಂಗದ ಕುದುರೆ ನಡೆಯ ಚಮತ್ಕಾರಗಳಲ್ಲಿ ತೀವ್ರ ಆಸಕ್ತಿ ತಳೆದಿದ್ದರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗವೇ ಆಟಗಳಿಗೆ ಮೀಸಲು.

ಪರದೆಯ ಆಟಕ್ಕೆ ಈ ಹಳೆಯ ಆಟಗಳು ಏನು ಕೊಡಬಲ್ಲವು ಎಂಬುದಕ್ಕೆ ಚೌಕಾಬಾರ ಒಳ್ಳೆಯ ಮಾದರಿ. ನಾಲ್ಕು ಕವಡೆ ಎಸೆದಾಗ ನಾಲ್ಕೂ ಅಂಗಾತ ಬಿದ್ದರೆ ಚೌಕಾ, ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಕವಡೆ ಎರಡೂ ಕಡೆಗೆ ಸಮವಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ 16 ಎಸೆತಕ್ಕೆ ಸರಾಸರಿ 6 ಸಲ ಎರಡು, 4 ಸಲ ಒಂದು, 4 ಸಲ ಮೂರು ಬೀಳಬೇಕು. ಚೌಕಾ ಮತ್ತು ಬಾರ ತಲಾ ಒಮ್ಮೆ ಮಾತ್ರ. ಜಗುಲಿಯ ಮೇಲೆ ಮಗು ಇದನ್ನು ಅನುಭವದಿಂದ ಅರಿಯುತ್ತದೆ. ಕಂಪ್ಯೂಟರಿನಲ್ಲಿ ಅದೇ ಎಸೆತವನ್ನು 1000 ಸಲ ಮಾಡಿಸಿ, ಬಿದ್ದ ಸಂಖ್ಯೆಗಳನ್ನು ಕಂಬಚಿತ್ರವಾಗಿ ಬೆಳೆಸಬಹುದು. ಆಮೇಲೆ ಉಜ್ಜಿದ ಹುಣಸೆ ಬೀಜದಿಂದ ಕೈಯಲ್ಲೇ ಎಸೆದು, ಆ ಬೀಜ ಎಷ್ಟು ಸಾಚಾ ಎಂದು ಹೋಲಿಸಿ ನೋಡಬಹುದು. ಮಣೆ ಮಾಡಲಾರದ ಕೆಲಸವನ್ನು ಪರದೆ ಮಾಡಿದಾಗಲೇ ಡಿಜಿಟಲ್ ಆಟಕ್ಕೆ ಅರ್ಥ. ಮಣೆಯ ಆಟವನ್ನು ಹಾಗೇ ಪರದೆಗೆ ಎತ್ತಿಟ್ಟರೆ ಮಕ್ಕಳ ಕೈಯಲ್ಲಿನ ಕವಡೆಯ ಸದ್ದೂ ಹೋಗುತ್ತದೆ, ಬದಲಿಗೆ ಏನೂ ಸಿಗುವುದಿಲ್ಲ.

ನಲಿ-ಕಲಿ

ಕರ್ನಾಟಕದ ಶಿಕ್ಷಕರು ಆಟದ ರಚನೆಕಾರರಾಗಿ ನಿಂತ ಮೊದಲ ದೊಡ್ಡ ಪ್ರಯತ್ನದಲ್ಲಿ ಕಂಪ್ಯೂಟರ್ ಇರಲೇ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ತಮ್ಮ ಪಠ್ಯವನ್ನು ಕಾರ್ಡುಗಳಾಗಿ ಬಿಡಿಸಿದರು. ಕಲಿಕಾ ಏಣಿ, ಮೈಲಿಗಲ್ಲು, ಪ್ರತಿ ಕಾರ್ಡಿಗೊಂದು ಪ್ರಾಣಿಯ ಇಲ್ಲವೇ ವಸ್ತುವಿನ ಚಿಹ್ನೆ, ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತುವ ಮಗು. ಇಂದು ಆಟ ತಯಾರಕರು ಹಂತ, ಗುರಿ, ಪ್ರಗತಿ ಎಂದು ಹೇಳುವುದೆಲ್ಲ ಆ ಕಾರ್ಡುಗಳಲ್ಲಿ ಆಗಲೇ ಇತ್ತು. 2009–10ರ ಹೊತ್ತಿಗೆ ನಲಿ-ಕಲಿ ಎಂಬ ಈ ವಿಧಾನ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೇ ತರಗತಿಗೆ ವಿಸ್ತರಿಸಿತು.

ಕಾರ್ಡು ಬರೆದವರೇ ಪಾಠ ಮಾಡುವವರಾಗಿದ್ದರು. ಬೆಳಗ್ಗೆ ತರಗತಿಯಲ್ಲಿ ಒಂದು ಕಾರ್ಡು ಸೋತರೆ ಸಂಜೆ ಅದನ್ನು ತಿದ್ದಲು ಅವರಿಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಯೋಜನೆ ರಾಜ್ಯವ್ಯಾಪಿಯಾಗಿ ಕಾರ್ಡುಗಳು ಅಚ್ಚಾಗಿ ಬರತೊಡಗಿದಾಗ ಆ ಸ್ವಾತಂತ್ರ್ಯ ಕುಗ್ಗಿತು. ತಿದ್ದುವ ಸ್ವಾತಂತ್ರ್ಯ ಯಾರದು ಎಂಬ ಇದೇ ಪ್ರಶ್ನೆ ಡಿಜಿಟಲ್ ಆಟಗಳ ಚರಿತ್ರೆಯಲ್ಲೂ ಮರಳಿ ಮರಳಿ ಬರುತ್ತದೆ.

ಸಿ.ಡಿ.ಗಳ ಕಾಲ

2001ರ ಸುಮಾರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ರಾಜ್ಯ ಸರ್ಕಾರದ ಜೊತೆ ಸೇರಿ ಹಳ್ಳಿ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕಾ ಕೇಂದ್ರಗಳನ್ನು ತೆರೆಯಿತು. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಕಥೆ ಮತ್ತು ಆಟವುಳ್ಳ ಸಿ.ಡಿ.ಗಳು ತಯಾರಾದವು. ಮಕ್ಕಳು ಸಂತೋಷದಿಂದ ಆಡಿದರು. ಆದರೆ ಸಿ.ಡಿ.ಯಲ್ಲಿದ್ದುದಕ್ಕೂ ಆ ವಾರ ತರಗತಿಯಲ್ಲಿ ನಡೆಯುತ್ತಿದ್ದ ಪಾಠಕ್ಕೂ ಸಂಬಂಧ ಬೆಸೆಯುವ ಕೆಲಸ ಶಿಕ್ಷಕರದಾಗಲಿಲ್ಲ. ಕಂಪ್ಯೂಟರ್ ಕೋಣೆ ಪಾಠಶಾಲೆಯ ಪಕ್ಕದ ಬೇರೊಂದು ಮನೆಯಂತೆ ಉಳಿಯಿತು. ಕಲಿಕೆಯ ಮೇಲೆ ನಿರೀಕ್ಷಿಸಿದ ಪರಿಣಾಮ ಕಾಣಲಿಲ್ಲ ಎಂಬುದನ್ನು ಸಂಸ್ಥೆ ತಾನೇ ಬಹಿರಂಗವಾಗಿ ಒಪ್ಪಿಕೊಂಡಿತು. 2010ರ ಡಿಸೆಂಬರಿನಲ್ಲಿ ಅದರ ಮುಖ್ಯಸ್ಥರಲ್ಲೊಬ್ಬರಾದ ಅನುರಾಗ್ ಬೆಹರ್ ಪತ್ರಿಕಾ ಅಂಕಣದಲ್ಲಿ, ತಂತ್ರಜ್ಞಾನದ ಮೋಹ ಶಿಕ್ಷಣದ ನಿಜವಾದ ಸಮಸ್ಯೆಗಳಿಂದ ಗಮನವನ್ನು ಬೇರೆಡೆಗೆ ಸೆಳೆಯುತ್ತದೆ ಎಂದು ವಾದಿಸಿದರು. ತನ್ನ ಕೆಲಸದ ಬಗ್ಗೆ ಇಷ್ಟು ನೇರವಾಗಿ ಬರೆದ ಸಂಸ್ಥೆಗಳು ವಿರಳ. ಆ ಪ್ರಾಮಾಣಿಕತೆಯಿಂದ ನಂತರದವರಿಗೆ ದೊಡ್ಡ ಉಪಕಾರವಾಗಿದೆ.

ಅಂಥ ಕೇಂದ್ರಗಳಲ್ಲಿ ಇನ್ನೊಂದು ದೃಶ್ಯವೂ ಕಂಡಿತು. ಒಂದು ಕಂಪ್ಯೂಟರಿಗೆ ಐದಾರು ಮಕ್ಕಳು. ಮೌಸ್ ಮಾತ್ರ ಒಬ್ಬನ ಕೈಯಲ್ಲಿ, ಹೆಚ್ಚಾಗಿ ಗಟ್ಟಿಗ ಹುಡುಗನೊಬ್ಬನ ಕೈಯಲ್ಲಿ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ತೊಯಾಮ 2006ರಲ್ಲಿ ಇದಕ್ಕೆ ಸರಳ ಪರಿಹಾರ ಸೂಚಿಸಿದರು: ಒಂದೇ ಪರದೆಗೆ ಹಲವು ಮೌಸ್, ಪ್ರತಿ ಮಗುವಿಗೊಂದು ಬಣ್ಣದ ಬಾಣ. ಆಟ ರೂಪಿಸುವ ಶಿಕ್ಷಕರಿಗೆ ಇದರಲ್ಲಿ ನೇರ ಪಾಠವಿದೆ. ಆಟದ ಮೊದಲ ಪ್ರಶ್ನೆ ಚಿತ್ರ, ಸಂಗೀತದ್ದಲ್ಲ. ನಲವತ್ತು ಮಕ್ಕಳಲ್ಲಿ ಯಾರು ಆಡುತ್ತಾರೆ, ಯಾರು ನೋಡುತ್ತಾ ಕೂರುತ್ತಾರೆ ಎಂಬುದು.

ವಿಷಯ ಶಿಕ್ಷಕರ ವೇದಿಕೆ ಮತ್ತು ಅನಂತರ

2011ರಲ್ಲಿ ಐಟಿ ಫಾರ್ ಚೇಂಜ್, ಡಿ.ಎಸ್.ಇ.ಆರ್.ಟಿ. ಮತ್ತು ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿದವು. ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ಉಬುಂಟು, ಜಿಯೋಜೀಬ್ರಾ, ಪರಿಕಲ್ಪನಾ ನಕ್ಷೆ ಮುಂತಾದ ಮುಕ್ತ ತಂತ್ರಾಂಶಗಳನ್ನು ಕಲಿಸಿ, ಅವರನ್ನು ಇಮೇಲ್ ಬಳಗದಲ್ಲಿ ಸೇರಿಸಿ, ತಾವು ಮಾಡಿದ್ದನ್ನು ಹಂಚಿಕೊಳ್ಳುವಂತೆ ಮಾಡಿದ್ದು ಇದರ ತಿರುಳು. 2013ರಲ್ಲಿ ಅದರಿಂದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ, ವಿಕಿಪೀಡಿಯದ ಮಾದರಿಯಲ್ಲಿ ಶಿಕ್ಷಕರೇ ತಿದ್ದಬಹುದಾದ ಭಂಡಾರ ಹುಟ್ಟಿತು. ಇವೆಲ್ಲ ಆಟಗಳಲ್ಲ. ಆದರೆ ಶಿಕ್ಷಕ ಬಳಸುವವನಷ್ಟೇ ಅಲ್ಲ, ಮಾಡುವವನೂ ಹೌದು ಎಂಬ ನಂಬಿಕೆ ಇಲ್ಲಿ ಮರಳಿತು. ತ್ರಿಭುಜದ ಒಂದು ಮೂಲೆಯನ್ನು ಎಳೆದಾಗ ಕೋನಗಳು ಬದಲಾಗಿ ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುವ ಜಿಯೋಜೀಬ್ರಾ ಪುಟ ಮಾಡಬಲ್ಲ ಶಿಕ್ಷಕಿ, ಅದಕ್ಕೊಂದು ಸವಾಲು ಮತ್ತು ಒಂದು ನಿಯಮ ಸೇರಿಸಿದರೆ ಆಟದ ಹೊಸ್ತಿಲಲ್ಲಿ ನಿಂತಂತೆಯೇ.

2016–17ರಿಂದ ರಾಜ್ಯ ಸರ್ಕಾರದ ತಂತ್ರಜ್ಞಾನಾಧಾರಿತ ಕಲಿಕಾ ಕಾರ್ಯಕ್ರಮವು (ಟಾಲ್ಪ್) ಪ್ರೌಢಶಾಲೆಗಳಿಗೆ ಪ್ರಯೋಗಾಲಯ ಮತ್ತು ತರಬೇತಿ ತಂದಿತು. 2017ರಲ್ಲಿ ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ ಬಂದ ಮೇಲೆ ಪಠ್ಯಪುಸ್ತಕಗಳಲ್ಲಿ ಕ್ಯೂ.ಆರ್. ಕೋಡ್‌ಗಳು ಕಾಣಿಸಿಕೊಂಡವು. ಬೆಂಗಳೂರಿನ ಅಕ್ಷರ ಫೌಂಡೇಶನ್ ಗಣಿತ ಕಲಿಕಾ ಆಂದೋಲನ ಎಂಬ ತನ್ನ ಕಾರ್ಯಕ್ರಮದ ಜೊತೆಜೊತೆಗೆ ಕನ್ನಡದಲ್ಲೂ ಆಡಬಹುದಾದ ಬಿಲ್ಡಿಂಗ್ ಬ್ಲಾಕ್ಸ್ ಎಂಬ ಉಚಿತ ಗಣಿತ ಆಟದ ಆ್ಯಪ್ ಕೊಟ್ಟಿತು; ನೆಟ್ ಇಲ್ಲದೆಯೂ ನಡೆಯುವುದು ಅದರ ದೊಡ್ಡ ಗುಣ.

ಕಹಿಗೆ ಬೆಲ್ಲ ಸವರುವುದಲ್ಲ

ಶಿಕ್ಷಕರು ಆಟ ಮಾಡಬಲ್ಲರೇ ಎಂದು ಕೇಳುವವರಿಗೆ ಜಗತ್ತಿನ ಅತ್ಯಂತ ಪ್ರಸಿದ್ಧ ಕಲಿಕಾ ಆಟವೇ ಉತ್ತರ. ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದವರ ಕಥೆಯುಳ್ಳ ಆರೆಗಾನ್ ಟ್ರೇಲ್ ಆಟವನ್ನು 1971ರಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ ಇತಿಹಾಸದ ತರಬೇತಿ ಶಿಕ್ಷಕನಾಗಿದ್ದ ಡಾನ್ ರಾವಿಚ್, ಗಣಿತದ ಇಬ್ಬರು ಗೆಳೆಯರಾದ ಬಿಲ್ ಹೈನೆಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಜೊತೆ ಮಾಡಿದ್ದ. ರಾವಿಚ್ ಮೊದಲು ಅದನ್ನು ಹಲಗೆಯ ಆಟವಾಗಿ ಯೋಚಿಸಿದ್ದ. ಗೆಳೆಯರು ಪ್ರೋಗ್ರಾಂ ಬರೆದರು. ಪರದೆಯೂ ಇರಲಿಲ್ಲ, ಟೆಲಿಟೈಪ್ ಯಂತ್ರ ಕಾಗದದ ಮೇಲೆ ಅಚ್ಚಿಸುತ್ತಿತ್ತು. ಕೆಲವು ವರ್ಷದ ನಂತರ ಆತ ವಲಸಿಗರ ದಿನಚರಿಗಳನ್ನು ಓದಿ, ಯಾವ ಆಪತ್ತು ಎಷ್ಟು ಸಲ ಬರುತ್ತಿತ್ತು ಎಂಬ ಲೆಕ್ಕವನ್ನು ಆಟದೊಳಗೆ ತಿದ್ದಿದ. ವಿಷಯ ಬಲ್ಲವನು ಶಿಕ್ಷಕ, ಯಂತ್ರ ಬಲ್ಲವನು ಗೆಳೆಯ. ನೆರವು ಎಂದರೆ ಇಂಥ ಜೊತೆ.

ಒಳ್ಳೆಯ ಆಟದ ಗುಟ್ಟನ್ನು ಇನ್ನೊಂದು ಅಧ್ಯಯನ ತೋರಿಸುತ್ತದೆ. ಇಂಗ್ಲೆಂಡಿನ ಹ್ಯಾಬ್‌ಗುಡ್ ಮತ್ತು ಏನ್ಸ್‌ವರ್ತ್ 2011ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಭಾಗಾಕಾರದ ಆಟವೊಂದನ್ನು ಎರಡು ಬಗೆಯಲ್ಲಿ ಮಕ್ಕಳಿಗೆ ಕೊಟ್ಟರು. ಒಂದರಲ್ಲಿ ಎದೆಯ ಮೇಲೆ ಸಂಖ್ಯೆ ಬರೆದ ಅಸ್ಥಿಪಂಜರವನ್ನು, ಆ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಆಯುಧದಿಂದಲೇ ಸೋಲಿಸಬೇಕು. ಇನ್ನೊಂದರಲ್ಲಿ ಹೊಡೆದಾಟ ಬೇರೆ, ಹಂತದ ಕೊನೆಯಲ್ಲಿ ಭಾಗಾಕಾರದ ಪ್ರಶ್ನೆ ಬೇರೆ. ಮೊದಲನೆಯದನ್ನು ಆಡಿದವರು ಹೆಚ್ಚು ಕಲಿತರು. ಆಯ್ಕೆ ಕೊಟ್ಟಾಗ ಅದನ್ನೇ ಏಳು ಪಟ್ಟು ಹೆಚ್ಚು ಹೊತ್ತು ಆಡಿದರು. ಹಾಗಲಕಾಯಿಗೆ ಮೇಲಿಂದ ಬೆಲ್ಲ ಸವರಿದರೆ ಮಗು ಬೆಲ್ಲ ನೆಕ್ಕಿ ಕಾಯಿ ಬಿಡುತ್ತದೆ. ಗೊಜ್ಜಿನಲ್ಲಿ ಕುದಿದು ಒಂದಾದರೆ ಮಾತ್ರ ಎರಡೂ ಒಳಗೆ ಹೋಗುತ್ತವೆ.

ಪುಟ್ಟೇನಹಳ್ಳಿ ಕೆರೆ: ಒಂದು ಮಾದರಿ

ಸುಮಾರು 13 ಎಕರೆಯ ಈ ಕೆರೆ ಹೂಳು, ಕಸ ತುಂಬಿ ಸೊರಗಿತ್ತು. 2010ರಲ್ಲಿ ಪಾಲಿಕೆ ಅದನ್ನು ಪುನಶ್ಚೇತನಗೊಳಿಸಿತು. ಅದೇ ವರ್ಷ ಸುತ್ತಲಿನ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡು, ಮುಂದೆ ಪಾಲಿಕೆಯ ಜೊತೆಗಿನ ಒಪ್ಪಂದದ ಮೇರೆಗೆ ಕೆರೆಯ ಉಸ್ತುವಾರಿ ವಹಿಸಿಕೊಂಡರು. ಸುತ್ತ ಕಟ್ಟಡ ಬೆಳೆದು ಮಳೆನೀರಿನ ಹರಿವು ತಗ್ಗಿದ್ದರಿಂದ, ಪಕ್ಕದ ವಸತಿ ಸಮುಚ್ಚಯದ ಸಂಸ್ಕರಿತ ನೀರನ್ನು ಕೆರೆಗೆ ತರುವ ದಾರಿ ಹುಡುಕಬೇಕಾಯಿತು.

ಇದನ್ನು 6–7ನೇ ತರಗತಿಗೆ ಆಟವಾಗಿಸಬೇಕು ಎನ್ನೋಣ. ಹೆಚ್ಚಿನ ಶಿಕ್ಷಕರಿಗೆ ಮೊದಲು ಹೊಳೆಯುವುದು ಕೆರೆಯ ಚಿತ್ರದ ಮೇಲೆ ರಸಪ್ರಶ್ನೆ: ಕೆರೆಯ ವಿಸ್ತೀರ್ಣ ಎಷ್ಟು, ಸರಿ ಉತ್ತರಕ್ಕೆ ಚಪ್ಪಾಳೆ. ಅದು ಬೆಲ್ಲ ಸವರಿದ ಹಾಗಲಕಾಯಿ. ನೆರವು ಕೊಡುವವರು ಇಲ್ಲಿ ಕೇಳಬೇಕಾದದ್ದು ಒಂದೇ: ಮಗು ಏನನ್ನು ನಿರ್ಧರಿಸುತ್ತದೆ?

ಹಾಗೆ ಕೇಳಿದಾಗ ಆಟ ತಾನಾಗಿ ರೂಪ ತಾಳುತ್ತದೆ. ಆಟಗಾರರ ಗುಂಪು ಕೆರೆಯ ಉಸ್ತುವಾರಿ ತಂಡ. ಒಂದು ಸುತ್ತು ಎಂದರೆ ಒಂದು ತಿಂಗಳು. ಬೆಂಗಳೂರಿನ ಮಳೆಗೆ ತಕ್ಕಂತೆ ಜನವರಿ, ಫೆಬ್ರವರಿಯಲ್ಲಿ ನೀರು ಬರುವುದೇ ಇಲ್ಲ. ಮೇ ತಿಂಗಳಲ್ಲಿ ಒಂದಿಷ್ಟು. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಧಾರಾಳ. ಕೈಯಲ್ಲಿ ಕೆಲವೇ ನಾಣ್ಯ. ಅದರಲ್ಲಿ ರಾಜಕಾಲುವೆ ಶುಚಿಗೊಳಿಸಬಹುದು, ಕಳೆ ತೆಗೆಸಬಹುದು, ಸಂಸ್ಕರಿತ ನೀರಿನ ಪೈಪು ಎಳೆಸಬಹುದು. ಖರ್ಚಿಲ್ಲದೆ ನೀರು ಬೇಕೆಂದರೆ ಕೊಳಚೆಗೆ ತೂಬು ತೆರೆಯಬಹುದು: ನೀರಿನ ಮಟ್ಟ ಕೂಡಲೇ ಏರುತ್ತದೆ, ಮಕ್ಕಳು ಖುಷಿಪಡುತ್ತಾರೆ. ಎರಡು ಸುತ್ತಿನ ನಂತರ ಕೊಳಚೆಯ ಪೋಷಕಾಂಶಗಳಿಂದ ಪಾಚಿ ಹಬ್ಬಿ, ಕರಗಿದ ಆಮ್ಲಜನಕ ಇಳಿದು, ಮೀನು ಸಾಯತೊಡಗುತ್ತವೆ. ಬೆಳ್ಳಕ್ಕಿ, ನೀರುಕಾಗೆಗಳು ಹಾರಿಹೋಗುತ್ತವೆ. ನೀರು, ಪೋಷಕಾಂಶ, ಆಮ್ಲಜನಕ, ನಾಣ್ಯ ಎಂಬ ನಾಲ್ಕು ಸಂಖ್ಯೆಗಳು ಸಾಕು. ಕೆರೆಯೊಂದರಲ್ಲಿ ಮೀನು ಸತ್ತ ಸುದ್ದಿ ಪತ್ರಿಕೆಯಲ್ಲಿ ಕಂಡಾಗ ಈ ಮಗುವಿಗೆ ಕಾರಣವನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಆಟವನ್ನು ಮೊದಲ ದಿನವೇ ಕಂಪ್ಯೂಟರಿಗೆ ಏರಿಸಬಾರದು. ರಟ್ಟಿನ ಮೇಲೆ ನಾಲ್ಕು ಪಟ್ಟಿ ಬರೆದು, ಹುಣಸೆ ಬೀಜ ಸರಿಸುತ್ತಾ, ಸ್ಟಾಫ್ ರೂಮಿನಲ್ಲಿ ಸಹಶಿಕ್ಷಕರ ಜೊತೆ ಆಡಬೇಕು. ಬಳಿಕ ನಾಲ್ಕು ಮಕ್ಕಳ ಜೊತೆ. ಆಟ ತೀರಾ ಸುಲಭವೋ, ಗೆಲ್ಲಲೇ ಆಗದಷ್ಟು ಕಷ್ಟವೋ, 40 ನಿಮಿಷದ ಪೀರಿಯಡ್ಡಿನಲ್ಲಿ ಮುಗಿಯುವುದೋ ಎಂಬುದು ಅಲ್ಲೇ ತಿಳಿಯುತ್ತದೆ. ರಟ್ಟಿನ ಮೇಲೆ ಬೇಸರ ತರಿಸುವ ಆಟ ಪರದೆಯ ಮೇಲೂ ಬೇಸರವನ್ನೇ ತರುತ್ತದೆ.

ಸಾಧನಗಳು ಮತ್ತು ಕನ್ನಡ ಅಕ್ಷರ

ಶಿಕ್ಷಕರಿಗೆ ಈಗಾಗಲೇ ಗೊತ್ತಿರುವ ಸಾಧನ ಸ್ಲೈಡ್ ಪ್ರದರ್ಶನ. ಗುಂಡಿ ಒತ್ತಿದರೆ ಬೇರೆ ಸ್ಲೈಡಿಗೆ ಹೋಗುವ ಕೊಂಡಿಗಳಿಂದಲೇ ಕವಲು ಕಥೆಯ ಆಟ ಮಾಡಬಹುದು. ಕಥೆ ಉದ್ದವಾದರೆ 2009ರಲ್ಲಿ ಬಂದ ಟ್ವೈನ್ ಎಂಬ ತಂತ್ರಾಂಶ ಅನುಕೂಲ. ಕೆರೆಯ ಆಟದಂಥದ್ದಕ್ಕೆ ಅಮೆರಿಕದ ಎಂ.ಐ.ಟಿ. 2007ರಲ್ಲಿ ಹೊರತಂದ ಸ್ಕ್ರ್ಯಾಚ್ ತಕ್ಕದ್ದು. ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಇದು ಉಚಿತ. ನೆಟ್ ಇಲ್ಲದ ಕಂಪ್ಯೂಟರಿನಲ್ಲೂ ನಡೆಯುತ್ತದೆ.

ಭಾಷೆಯ ಆಟ ಮಾಡಹೊರಟವರಿಗೆ ಮಾತ್ರ ಒಂದು ಎಡರಿದೆ. ಇಂಗ್ಲಿಷಿಗೆಂದು ಹುಟ್ಟಿದ ಸಾಧನಗಳು ಒಂದು ಸಂಕೇತವೇ ಒಂದು ಅಕ್ಷರ ಎಂದು ಎಣಿಸುತ್ತವೆ. ಯೂನಿಕೋಡ್‌ನಲ್ಲಿ ‘ಶಾಲೆ’ ಎಂಬ ಎರಡಕ್ಷರದ ಪದಕ್ಕೆ ನಾಲ್ಕು ಸಂಕೇತ: ಶ, ಆಕಾರದ ಚಿಹ್ನೆ, ಲ, ಎತ್ವ. ಹಾಗಾಗಿ ಸ್ಕ್ರ್ಯಾಚ್‌ನಲ್ಲಿ ಈ ಪದದ ಉದ್ದ ಕೇಳಿದರೆ 4 ಎನ್ನುತ್ತದೆ. ಮೊದಲ ಅಕ್ಷರ ಕೇಳಿದರೆ ದೀರ್ಘ ಕಳಚಿದ ‘ಶ’ ಬರುತ್ತದೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು ಸಂಕೇತ. ಸಿದ್ಧ ಪದಬಂಧ ಸಾಧನದಲ್ಲಿ ಒತ್ತಕ್ಷರಗಳು ಬೇರೆ ಬೇರೆ ಮನೆಗೆ ಚೆದುರಿ ಬೀಳುವುದು ಇದೇ ಕಾರಣಕ್ಕೆ. ಪರಿಹಾರ ಕಷ್ಟವಲ್ಲ: ಪದವನ್ನು ಯಂತ್ರದಿಂದ ಒಡೆಸದೆ, ಶಿಕ್ಷಕರೇ ‘ಶಾ’, ‘ಲೆ’ ಎಂದು ಒಂದೊಂದು ಅಕ್ಷರವನ್ನೂ ಪಟ್ಟಿಯ ಒಂದೊಂದು ಸಾಲಿನಲ್ಲಿ ಬರೆದಿಟ್ಟರೆ ಆಟ ಸರಿಯಾಗಿ ನಡೆಯುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇಂಗ್ಲಿಷ್ ಕೈಪಿಡಿಗಳಲ್ಲಿ ಈ ಮಾತುಗಳು ಸಿಗುವುದಿಲ್ಲವಾದ್ದರಿಂದ ಕನ್ನಡದ ತರಬೇತಿ ಇವುಗಳಿಂದಲೇ ಶುರುವಾಗಬೇಕು. ಎಷ್ಟೋ ಕನ್ನಡ ಶಿಕ್ಷಕರು ತಮಗೆ ಕಂಪ್ಯೂಟರ್ ಬಾರದು ಎಂದು ಕೈಬಿಡುವುದು ಇಂಥ ಘಳಿಗೆಯಲ್ಲಿ. ತಪ್ಪು ಅವರದಲ್ಲ, ಸಾಧನದ್ದು.

ಕಣ್ಣಿಲ್ಲದ ಮಕ್ಕಳ ಆಟ

ಪುಟ್ಟೇನಹಳ್ಳಿಗೆ ಹತ್ತಿರದ ಜೆ.ಪಿ. ನಗರದಲ್ಲೇ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ. ಪರದೆಯ ಚಿತ್ರವನ್ನೇ ನಂಬಿದ ಆಟ ಇಂಥ ಶಾಲೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಬೆಂಗಳೂರಿನ ಐ.ಐ.ಐ.ಟಿ.ಯ ಆಶ್ರಯದಲ್ಲಿ ಬೆಳೆದ ವಿಷನ್ ಎಂಪವರ್ ಸಂಸ್ಥೆ ಮತ್ತು ಮೈಕ್ರೋಸಾಫ್ಟ್ ರಿಸರ್ಚ್‌ನ ಮನೋಹರ್ ಸ್ವಾಮಿನಾಥನ್ ಅವರ ತಂಡ ಅಂಧ ಮಕ್ಕಳ ಶಾಲೆಗಳಲ್ಲಿ ಆಟದ ಮೂಲಕ ಡಿಜಿಟಲ್ ಕೌಶಲ ಕಲಿಸುವ ಕೆಲಸ ಮಾಡಿವೆ. ಈ ಶಾಲೆಗಳ ಶಿಕ್ಷಕರಲ್ಲಿ ಅನೇಕರು ಸ್ವತಃ ದೃಷ್ಟಿ ದೋಷವುಳ್ಳವರು. ಆಟ ಎಲ್ಲಿ ಎಡವುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕೆರೆಯ ಆಟಕ್ಕೆ ಕಪ್ಪೆಯ ದನಿ, ಹಕ್ಕಿಯ ಕೂಗು, ಮಟ್ಟ ಇಳಿದಾಗ ಬದಲಾಗುವ ನೀರಿನ ಸದ್ದು ಸೇರಿಸಿದರೆ ಕಣ್ಣಿರುವ ಮಕ್ಕಳಿಗೂ ಆಟ ಸೊಗಸಾಗುತ್ತದೆ.

ನೆರವಿನ ಸ್ವರೂಪ

ಒಂದು ದಿನದ ಕಾರ್ಯಾಗಾರದಲ್ಲಿ ತಂತ್ರಾಂಶದ ಗುಂಡಿಗಳನ್ನು ತೋರಿಸಿ ಕಳಿಸಿದರೆ ಆಟ ಹುಟ್ಟುವುದಿಲ್ಲ. ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೊಹ್ಲರ್ 2006ರಲ್ಲಿ ವಿವರಿಸಿದಂತೆ ವಿಷಯಜ್ಞಾನ, ಬೋಧನೆಯ ಅರಿವು, ತಂತ್ರಜ್ಞಾನ ಮೂರೂ ಒಂದರೊಳಗೊಂದು ಬೆರೆಯಬೇಕು. ಬೆರೆಯಲು ಹೊತ್ತು ಬೇಕು. ನಮ್ಮ ಶಿಕ್ಷಕರಿಗೆ ಇಲ್ಲದಿರುವುದು ಅದೇ. ಗಣತಿ, ಚುನಾವಣೆ, ದಾಖಲೆ ತುಂಬುವ ಕೆಲಸಗಳ ನಡುವೆ ಆಟ ರೂಪಿಸಲು ಎಂದು ಯಾರೂ ಅವರಿಗೆ ಗಂಟೆ ಎತ್ತಿಟ್ಟಿಲ್ಲ. ಸಾಧನ ಉಚಿತ, ಪಾಠ ಕೈಯಲ್ಲಿದೆ, ಮಕ್ಕಳು ಸಿದ್ಧರಿದ್ದಾರೆ. ಕೊರತೆ ವೇಳೆಯದು ಮತ್ತು ಜೊತೆಯದು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯ ಅರ್ಧ ದಿನವನ್ನು ಒಬ್ಬರ ಆಟವನ್ನು ಉಳಿದವರು ಆಡಿ ತಿದ್ದುವುದಕ್ಕೆ ಬಿಟ್ಟರೆ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಒಬ್ಬ ಉಪನ್ಯಾಸಕರು ಇಡೀ ವರ್ಷ ಹತ್ತು ಶಿಕ್ಷಕರ ಬೆನ್ನಿಗೆ ನಿಂತರೆ, ಹೊಸ ಆ್ಯಪ್ ಕೊಳ್ಳುವುದಕ್ಕಿಂತ ಹೆಚ್ಚಿನ ಫಲ ಸಿಗುತ್ತದೆ. ಮಾಡಿದ ಆಟಕ್ಕೆ ಮುಕ್ತ ಪರವಾನಗಿ ಕೊಟ್ಟು ಮೂಲ ಕಡತವನ್ನೂ ಹಂಚಬೇಕು. ಆಗ ಪುಟ್ಟೇನಹಳ್ಳಿಯ ಕೆರೆ ಧಾರವಾಡದ ಶಾಲೆಯಲ್ಲಿ ಸಾಧನಕೇರಿಯಾಗಬಹುದು, ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಚಂದ್ರಗಿರಿ ಹೊಳೆಯಾಗಬಹುದು.

ಇದನ್ನು ಓದುತ್ತಿರುವ ಶಿಕ್ಷಕರು ಮುಂದಿನ ತಿಂಗಳ ಪಾಠಗಳಲ್ಲಿ ಮಕ್ಕಳು ಪದೇ ಪದೇ ಎಡವುವ ಒಂದನ್ನು ಆರಿಸಿಕೊಳ್ಳಿ. ಒಂದು ರಟ್ಟು, ಒಂದು ಹಿಡಿ ಹುಣಸೆ ಬೀಜ ತೆಗೆದುಕೊಂಡು, ಪಕ್ಕದ ತರಗತಿಯ ಮೇಷ್ಟ್ರನ್ನೋ ಟೀಚರನ್ನೋ ಎದುರಿಗೆ ಕೂರಿಸಿಕೊಂಡು ಆಡಿ ನೋಡಿ.